ಕಾರಿಗೊಂದು ತುರ್ತು ಕಿಟ್: ಆಯ್ಕೆ, ಜೋಡಣೆ ಮತ್ತು ನಿರ್ವಹಣೆಯ ಸಮಗ್ರ ಮಾರ್ಗದರ್ಶಿ

ಕಾರಿನ ತುರ್ತು ಕಿಟ್ ಎಂದೊಡನೆ ಅದರಲ್ಲಿ ಏನೇನಿರಬೇಕು ಎಂಬ ಪಟ್ಟಿಯನ್ನೇ ಎಲ್ಲರೂ ಕೇಳುತ್ತಾರೆ. ಪಟ್ಟಿ ಬೇಕು, ಆದರೆ ಅದಕ್ಕೂ ಮೊದಲು ಯಾವ ವಸ್ತು ಎಷ್ಟು ಹೊತ್ತಿನೊಳಗೆ ಕೈಗೆ ಸಿಗಬೇಕು ಎಂಬುದು ನಿರ್ಧಾರವಾಗಬೇಕು. ಕಾರು ನೀರಿಗೆ ಬಿದ್ದಾಗ ಸೀಟ್ ಬೆಲ್ಟ್ ಕತ್ತರಿಸಿ ಹೊರಬರಲು ಸಿಗುವುದು ಒಂದು ನಿಮಿಷಕ್ಕೂ ಕಡಿಮೆ ಸಮಯ. ತೀವ್ರ ರಕ್ತಸ್ರಾವವನ್ನು ತಡೆಯಲು ಇರುವುದು ಕೆಲವೇ ನಿಮಿಷ. ಪಂಕ್ಚರ್ ಆದ ಟೈರ್ ಬದಲಿಸಲು ಅರ್ಧ ಗಂಟೆ ಹಿಡಿದರೂ ತೊಂದರೆಯಿಲ್ಲ. ಹಿಮದಲ್ಲೋ ಮುಚ್ಚಿಹೋದ ರಸ್ತೆಯಲ್ಲೋ ಸಿಕ್ಕಿಕೊಂಡರೆ ಇಡೀ ರಾತ್ರಿಯನ್ನು ಕಾರಿನಲ್ಲೇ ಕಳೆಯಬೇಕಾಗಬಹುದು. ಈ ಎಲ್ಲ ಸಂದರ್ಭಗಳ ಸಾಮಗ್ರಿಯನ್ನು ಒಂದೇ ಪೆಟ್ಟಿಗೆಗೆ ತುಂಬಿ ಡಿಕ್ಕಿಯ ತಳದಲ್ಲಿರಿಸಿದರೆ, ಅತಿ ಜರೂರಾದ ವಸ್ತುವೇ ಅತಿ ದೂರದಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ಇಲ್ಲಿನ ಹಂತಗಳು ಕಾಲದ ಕ್ರಮವನ್ನು ಅನುಸರಿಸುತ್ತವೆ.

ಮೊದಲ ಹಂತ: ನಿಮ್ಮ ಕಾರಿನಲ್ಲಿ ಏನಿದೆ, ಏನಿಲ್ಲ

ಏನನ್ನೂ ಕೊಳ್ಳುವ ಮೊದಲು ಕಾರಿನ ಜೊತೆ ಬಂದ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಿ, ಅದರ ತಳಹಾಸನ್ನು ಎತ್ತಿ ನೋಡಿ. ಸ್ಟೆಪ್ನಿ ಇದೆಯೇ, ಇದ್ದರೆ ಅದು ಉಳಿದ ಚಕ್ರಗಳಷ್ಟೇ ಅಗಲವಾಗಿದೆಯೇ ಅಥವಾ ತೆಳ್ಳಗಿನ ತಾತ್ಕಾಲಿಕ ಚಕ್ರವೇ ಎಂಬುದನ್ನು ಗಮನಿಸಿ. ತಾತ್ಕಾಲಿಕ ಚಕ್ರದಲ್ಲಿ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ವೇಗವನ್ನು ಮೀರುವಂತಿಲ್ಲ, ಅದಕ್ಕೆ ಬೇಕಾದ ಗಾಳಿಯ ಒತ್ತಡವೂ ಬಹುಪಾಲು ಕಾರುಗಳಲ್ಲಿ 60 ಪಿ.ಎಸ್.ಐ., ಅಂದರೆ ಮಾಮೂಲಿ ಟೈರಿನ ಹೆಚ್ಚುಕಡಿಮೆ ಎರಡರಷ್ಟು. ಹೊಸ ಕಾರುಗಳಲ್ಲಿ, ಅದರಲ್ಲೂ ವಿದ್ಯುತ್ ಕಾರುಗಳಲ್ಲಿ, ಎಷ್ಟೋ ಬಾರಿ ಸ್ಟೆಪ್ನಿಯೇ ಇರುವುದಿಲ್ಲ. ಅದರ ಬದಲಿಗೆ ಟೈರಿನ ತೂತು ಮುಚ್ಚುವ ಸೀಲಂಟ್ ಎಂಬ ದ್ರವದ ಒಂದು ಬಾಟಲಿ ಮತ್ತು ಗಾಳಿ ತುಂಬುವ ಸಣ್ಣ ಪಂಪ್ ಇರುತ್ತವೆ. ಯಾವುದಿದೆ ಎಂಬುದು ನಡುರಸ್ತೆಯಲ್ಲಿ ತಿಳಿಯುವಂತಾಗಬಾರದು.

ಇದೇ ಹೊತ್ತಿನಲ್ಲಿ ಜಾಕ್, ವೀಲ್ ಸ್ಪ್ಯಾನರ್ ಮತ್ತು ಕಾರನ್ನು ಎಳೆಯಲು ಬಂಪರಿಗೆ ತಿರುಗಿಸಿ ಕೂರಿಸುವ ಕೊಂಡಿಯನ್ನು ಹುಡುಕಿ. ಅನೇಕ ಕಾರುಗಳಲ್ಲಿ ಈ ಕೊಂಡಿಯ ತಿರುಪು ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂತಿರುತ್ತದೆ ಎಂಬುದನ್ನು ಅರಿಯದವರು ಅದು ಕೂರುತ್ತಿಲ್ಲವೆಂದೇ ಭಾವಿಸುತ್ತಾರೆ. ಚಕ್ರಗಳಿಗೆ ಕಳ್ಳತನ ತಡೆಯುವ ವಿಶೇಷ ನಟ್‌ಗಳಿದ್ದರೆ ಅವುಗಳ ಕೀಲಿ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳಿ. ಅದಿಲ್ಲದೆ ಉಳಿದ ಯಾವ ಉಪಕರಣವಿದ್ದರೂ ಚಕ್ರ ಕಳಚುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೆಚ್ಚಿನ ಪಟ್ಟಿಗಳು ಹೇಳುವುದೇ ಇಲ್ಲ. ವಿದ್ಯುತ್ ಗುಂಡಿಯಿಂದ ಮಾತ್ರ ತೆರೆಯುವ ಡಿಕ್ಕಿಯುಳ್ಳ ಕಾರಿನಲ್ಲಿ 12 ವೋಲ್ಟ್ ಬ್ಯಾಟರಿ ಪೂರ್ತಿ ಇಳಿದರೆ ಡಿಕ್ಕಿಯೂ ತೆರೆಯುವುದಿಲ್ಲ, ಬ್ಯಾಟರಿಗೆ ಜೀವ ಕೊಡಬೇಕಾದ ಕೇಬಲ್ ಅದರೊಳಗೇ ಬಂಧಿಯಾಗುತ್ತದೆ. ನಿಮ್ಮ ಕಾರು ಹಾಗಿದ್ದರೆ, ರಿಮೋಟ್ ಕೀಲಿಯೊಳಗೆ ಅಡಗಿರುವ ಲೋಹದ ಕೀಲಿಯನ್ನು ಹೊರತೆಗೆಯುವುದು ಹೇಗೆ, ಹಿಂದಿನ ಸೀಟನ್ನು ಮಡಿಸಿ ಡಿಕ್ಕಿಗೆ ಕೈಹಾಕಬಹುದೇ, ಒಳಗಿನಿಂದ ತೆರೆಯುವ ಹಿಡಿಕೆ ಇದೆಯೇ ಎಂಬುದನ್ನು ಇಂದೇ ಪರೀಕ್ಷಿಸಿ. ಬಾಗಿಲಿನ ಹಿಡಿಕೆಗಳೂ ವಿದ್ಯುತ್ತಿನಿಂದ ಕೆಲಸ ಮಾಡುವ ಕಾರುಗಳಲ್ಲಿ ಕೈಯಿಂದ ತೆರೆಯುವ ಗುಪ್ತ ಹಿಡಿಕೆ ಎಲ್ಲಿದೆ ಎಂಬುದು ಕಾರಿನಲ್ಲಿ ಕೂರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಎರಡನೆಯ ಹಂತ: ಕೂತಲ್ಲಿಂದಲೇ ಕೈಗೆಟುಕಬೇಕಾದ ವಸ್ತುಗಳು

ಚಾಲಕರು ಸೀಟ್ ಬೆಲ್ಟ್ ಬಿಚ್ಚದೆಯೇ ತಲುಪಬಹುದಾದ ಜಾಗದಲ್ಲಿ ಇರಬೇಕಾದದ್ದು ಬೆಲ್ಟ್ ಕತ್ತರಿಸುವ ಮತ್ತು ಗಾಜು ಒಡೆಯುವ ಉಪಕರಣ. ಇವೆರಡೂ ಒಂದೇ ಸಾಧನದಲ್ಲಿ ಸೇರಿಕೊಂಡೇ ದೊರೆಯುತ್ತವೆ. ಸ್ಪ್ರಿಂಗ್ ಇರುವ, ಒತ್ತಿದೊಡನೆ ಮೊನೆ ಚಿಮ್ಮುವ ಬಗೆಯೇ ಮೇಲು, ಏಕೆಂದರೆ ಇಕ್ಕಟ್ಟಿನಲ್ಲಿ ಅಥವಾ ನೀರಿನೊಳಗೆ ಸುತ್ತಿಗೆ ಬೀಸಲು ಜಾಗವಾಗಲಿ ಬಲವಾಗಲಿ ಇರುವುದಿಲ್ಲ. ಈ ಸಾಧನದ ಮಿತಿಯನ್ನೂ ತಿಳಿದಿರಬೇಕು. ಅದು ಒಡೆಯುವುದು ಟೆಂಪರ್ಡ್ ಗಾಜನ್ನು, ಅಂದರೆ ಒಡೆದಾಗ ಸಣ್ಣ ಹರಳುಗಳಾಗಿ ಉದುರುವ ಗಾಜನ್ನು ಮಾತ್ರ. ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆಯನ್ನು ಸೇರಿಸಿದ ಲ್ಯಾಮಿನೇಟೆಡ್ ಗಾಜು ಬಿರುಕು ಬಿಡುತ್ತದೆಯೇ ಹೊರತು ಉದುರುವುದಿಲ್ಲ. ಮುಂಗಾಜು ಯಾವಾಗಲೂ ಲ್ಯಾಮಿನೇಟೆಡ್. ಈಗ ಕೆಲವು ಕಾರುಗಳ ಪಕ್ಕದ ಕಿಟಕಿಗಳೂ ಅಂಥವೇ. ಪ್ರತಿ ಗಾಜಿನ ಮೂಲೆಯಲ್ಲಿರುವ ಮುದ್ರೆಯನ್ನು ಓದಿ, ಯಾವ ಕಿಟಕಿ ಟೆಂಪರ್ಡ್ ಎಂದು ಗುರುತಿಸಿಟ್ಟುಕೊಳ್ಳಿ. ಹೊಡೆಯಬೇಕಾದದ್ದು ಗಾಜಿನ ನಡುವೆಯಲ್ಲ, ಅಂಚಿನ ಹತ್ತಿರದ ಮೂಲೆಗೆ.

ಕಾರು ನೀರಿಗೆ ಬಿದ್ದರೆ ಅನುಸರಿಸಬೇಕಾದ ಕ್ರಮ ಇದು: ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ ಅಥವಾ ಒಡೆಯಿರಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ಕೂಡಲೇ ನೀವೂ ಹೊರಬನ್ನಿ. ಬಾಗಿಲು ತೆರೆಯಲು ಹೆಣಗಬಾರದು. ಹೊರಗಿನ ನೀರಿನ ಒತ್ತಡ ಅದನ್ನು ಅದುಮಿ ಹಿಡಿದಿರುತ್ತದೆ, ಹಾಗೂ ಹೀಗೂ ತೆರೆದರೂ ನುಗ್ಗುವ ನೀರು ಕಾರನ್ನು ಬೇಗ ಮುಳುಗಿಸುತ್ತದೆ. ಮೊಬೈಲ್ ಕರೆ ಹೊರಬಂದ ನಂತರದ ಕೆಲಸ.

ಎರಡನೆಯ ವಸ್ತು ಬೆಳಕನ್ನು ಪ್ರತಿಫಲಿಸುವ ಜಾಕೆಟ್. ಫ್ರಾನ್ಸಿನಲ್ಲಿ 2008ರಿಂದ ಪ್ರತಿ ಕಾರಿನಲ್ಲೂ ಇದು ಕಡ್ಡಾಯ. ಕಾನೂನು ಕೇಳದ ಕಡೆಯೂ ಸೀಟಿಗೊಂದರಂತೆ ಇಟ್ಟುಕೊಳ್ಳುವುದು ವಿವೇಕ. ಇದರ ಜಾಗ ಬಾಗಿಲಿನ ಜೇಬು ಅಥವಾ ಸೀಟಿನ ಹಿಂದಿನ ಚೀಲ. ಡಿಕ್ಕಿಯಲ್ಲಿಟ್ಟರೆ ಅದನ್ನು ತರಲು ಕತ್ತಲೆಯಲ್ಲಿ ಜಾಕೆಟ್ ಇಲ್ಲದೆಯೇ ರಸ್ತೆಗಿಳಿಯಬೇಕಾಗುತ್ತದೆ.

ಮೂರನೆಯದು ಬೆಂಕಿ ಆರಿಸುವ ಸಿಲಿಂಡರ್. ಎ, ಬಿ, ಸಿ ಮೂರೂ ಬಗೆಯ ಬೆಂಕಿಗೆ ಸಲ್ಲುವ ಒಣಪುಡಿಯ, ಒತ್ತಡದ ಮಾಪಕವುಳ್ಳ 1 ಅಥವಾ 2 ಕೆ.ಜಿ. ಸಿಲಿಂಡರನ್ನು ಆರಿಸಿ, ಅದರೊಂದಿಗೆ ಬರುವ ಲೋಹದ ಪಟ್ಟಿಯಲ್ಲಿ ಭದ್ರವಾಗಿ ಕೂರಿಸಿ. ಸಣ್ಣ ಸಿಲಿಂಡರಿನ ಪುಡಿ ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ; ಹಾಗಾಗಿ ಅದು ಆಗಷ್ಟೇ ಹೊತ್ತಿಕೊಂಡ ಕಿಡಿಗೆ ಸಾಕೇ ಹೊರತು ಹಬ್ಬಿದ ಜ್ವಾಲೆಗಲ್ಲ. ಬಾನೆಟ್ ಕೆಳಗೆ ಬೆಂಕಿ ಕಂಡರೆ ಅದನ್ನು ಪೂರ್ತಿ ಎತ್ತಬಾರದು, ಗಾಳಿ ಒಳನುಗ್ಗಿ ಉರಿ ಭುಗಿಲೇಳುತ್ತದೆ. ವಿದ್ಯುತ್ ಕಾರಿನ ಮುಖ್ಯ ಬ್ಯಾಟರಿ ಹೊತ್ತಿಕೊಂಡರೆ ಆರಿಸುವ ಪ್ರಯತ್ನವನ್ನೇ ಮಾಡಬೇಡಿ. ಎಲ್ಲರೂ ಇಳಿದು ದೂರ ಸರಿದು ಅಗ್ನಿಶಾಮಕ ದಳವನ್ನು ಕರೆಯಿರಿ. ಯಾವ ಕಾರಾದರೂ ಸರಿ, ಜನ ಹೊರಬಂದ ಮೇಲಷ್ಟೇ ಸಿಲಿಂಡರಿನ ಮಾತು.

ಇವುಗಳ ಜೊತೆಗೆ ಒಂದು ಟಾರ್ಚ್ ಇರಲಿ. ತಲೆಗೆ ಕಟ್ಟಿಕೊಳ್ಳುವ ಬಗೆಯನ್ನು ನಾನು ಒತ್ತಾಯಪೂರ್ವಕವಾಗಿ ಸೂಚಿಸುತ್ತೇನೆ, ಏಕೆಂದರೆ ಚಕ್ರ ಬದಲಿಸುವಾಗಲೂ ಗಾಯ ಕಟ್ಟುವಾಗಲೂ ಎರಡು ಕೈಗಳೂ ಬೇಕು. ಮಾಮೂಲಿ ಆಲ್ಕಲೈನ್ ಸೆಲ್‌ಗಳು ಕಾರಿನ ಬಿಸಿಯಲ್ಲಿ ಸೋರಿ ಟಾರ್ಚನ್ನೇ ಕೆಡಿಸುತ್ತವೆ; ಮರುಚಾರ್ಜ್ ಆಗದ ಲಿಥಿಯಂ ಸೆಲ್‌ಗಳು ಶಾಖವನ್ನೂ ಚಳಿಯನ್ನೂ ಹೆಚ್ಚು ತಾಳಿಕೊಳ್ಳುತ್ತವೆ, ವರ್ಷಗಟ್ಟಲೆ ಶಕ್ತಿ ಉಳಿಸಿಕೊಳ್ಳುತ್ತವೆ.

ಮೂರನೆಯ ಹಂತ: ಇತರ ವಾಹನಗಳಿಗೆ ಕಾಣಿಸಿಕೊಳ್ಳುವುದು

ಎಚ್ಚರಿಕೆಯ ತ್ರಿಕೋನ ಡಿಕ್ಕಿಯಲ್ಲಿರಬಹುದು, ಆದರೆ ಎಲ್ಲ ಸಾಮಾನಿನ ಮೇಲಿರಬೇಕು. ಅದನ್ನು ಎಷ್ಟು ದೂರದಲ್ಲಿಡಬೇಕು ಎಂಬುದಕ್ಕೆ ಸರಳವಾದ ಲೆಕ್ಕವಿದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಬರುವ ವಾಹನ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕ್ ಒತ್ತುವುದರೊಳಗೆ ಒಂದೂವರೆ ಸೆಕೆಂಡು ಕಳೆದರೆ 42 ಮೀಟರ್ ಆಗಲೇ ಮುಗಿದಿರುತ್ತದೆ. ಒಣ ರಸ್ತೆಯಲ್ಲೂ ಪೂರ್ತಿ ನಿಲ್ಲುವಷ್ಟರಲ್ಲಿ ಒಟ್ಟು 80ರಿಂದ 100 ಮೀಟರ್ ಬೇಕು. ಆದ್ದರಿಂದ ನಿಧಾನದ ರಸ್ತೆಯಲ್ಲಿ 50 ಮೀಟರ್ ಸಾಕಾದರೂ ವೇಗದ ರಸ್ತೆಯಲ್ಲಿ 100 ಮೀಟರಿಗೂ ಹೆಚ್ಚು ಹಿಂದೆ ಇಡಬೇಕು; ತಿರುವು ಅಥವಾ ಏರಿನ ಆಚೆ ಕಾರು ನಿಂತಿದ್ದರೆ ತ್ರಿಕೋನ ತಿರುವಿಗೆ ಮೊದಲೇ ಕಾಣುವಂತಿರಬೇಕು. ಬ್ರಿಟನ್ನಿನ ರಸ್ತೆ ನಿಯಮಗಳು ಮೋಟಾರ್‌ವೇಗಳಲ್ಲಿ ತ್ರಿಕೋನ ಇಡುವುದನ್ನೇ ಬೇಡವೆನ್ನುತ್ತವೆ, ಏಕೆಂದರೆ ಅಲ್ಲಿ ನಡೆದು ಹೋಗುವುದೇ ದೊಡ್ಡ ಅಪಾಯ. ನೀವು ಓಡಾಡುವ ದೇಶದ ನಿಯಮವನ್ನು ತಿಳಿದುಕೊಳ್ಳಿ. ತ್ರಿಕೋನ ಇಡಲು ಹೋಗುವಾಗ ಅದನ್ನು ಬಿಡಿಸಿ ಎದುರು ಹಿಡಿದುಕೊಂಡು, ತಡೆಗೋಡೆಯ ಹೊರಬದಿಯಲ್ಲಿ ನಡೆಯಿರಿ. ಉಳಿದವರು ಕೆಟ್ಟು ನಿಂತ ಕಾರಿನೊಳಗೆ ಕೂರದೆ ತಡೆಗೋಡೆಯ ಆಚೆ ನಿಲ್ಲಲಿ.

ನಾಲ್ಕನೆಯ ಹಂತ: ಪ್ರಥಮ ಚಿಕಿತ್ಸೆಯ ಪೆಟ್ಟಿಗೆ

ಅಂಗಡಿಯಲ್ಲಿ ಸಿಗುವ ಸಿದ್ಧ ಪೆಟ್ಟಿಗೆಗಳಲ್ಲಿ ಸಣ್ಣಪುಟ್ಟ ತರಚು ಗಾಯಗಳ ಅಂಟುಪಟ್ಟಿಗಳೇ ತುಂಬಿರುತ್ತವೆ. ರಸ್ತೆ ಅಪಘಾತದಲ್ಲಿ ಎಷ್ಟೋ ಬಾರಿ ಜೀವ ತೆಗೆಯುವುದು ಹರಿಯುವ ರಕ್ತ. ಹಾಗಾಗಿ ಪೆಟ್ಟಿಗೆಯ ಹೆಚ್ಚಿನ ಜಾಗ ಅದನ್ನು ತಡೆಯುವ ಸಾಮಗ್ರಿಗೆ ಮೀಸಲಾಗಬೇಕು. ಕ್ರಿಮಿರಹಿತ ದೊಡ್ಡ ಗಾಜ್ ಬಟ್ಟೆಗಳು (ಗಾಯಕ್ಕೆ ಹಾಕುವ ಜಾಳು ಬಟ್ಟೆ), ಬೇರೆಬೇರೆ ಅಗಲದ ಸುತ್ತುವ ಬ್ಯಾಂಡೇಜ್‌ಗಳು, ಗಾಯವನ್ನು ಒತ್ತಿ ಹಿಡಿಯುವ ಒಂದೆರಡು ಪ್ರೆಶರ್ ಬ್ಯಾಂಡೇಜ್‌ಗಳು, ಕೈ ಮುರಿದಾಗ ತೂಗುಹಾಕಲು ತ್ರಿಕೋನಾಕಾರದ ಬಟ್ಟೆ, ಬಟ್ಟೆಯನ್ನು ಕತ್ತರಿಸಬಲ್ಲ ಮೊಂಡು ತುದಿಯ ಗಟ್ಟಿ ಕತ್ತರಿ, ಹಲವು ಜೊತೆ ನೈಟ್ರೈಲ್ ಕೈಗವಸು, ಸುಟ್ಟಗಾಯದ ಡ್ರೆಸ್ಸಿಂಗ್, ಮೈಯ ಶಾಖ ಹೊರಹೋಗದಂತೆ ಹೊದಿಸುವ ಲೋಹದ ಹಾಳೆಯ ಹೊದಿಕೆ, ಬಾಯಿಯಿಂದ ಉಸಿರು ಕೊಡುವಾಗ ಅಡ್ಡ ಹಿಡಿಯುವ ಮುಖಗವಸು ಇರಲಿ. ಅಂಟುಪಟ್ಟಿ, ಚಿಮುಟ, ನಂಜುನಿರೋಧಕ ದ್ರಾವಣ ಆಮೇಲೆ.

ರಕ್ತ ಹರಿಯುತ್ತಿದ್ದರೆ ಗಾಯದ ಮೇಲೆ ಬಟ್ಟೆಯಿಟ್ಟು ಗಟ್ಟಿಯಾಗಿ, ಬಿಡದೆ ಒತ್ತಿ ಹಿಡಿಯಬೇಕು. ನೆನೆದರೆ ಅದನ್ನು ಕಿತ್ತುಹಾಕದೆ ಮೇಲೆ ಇನ್ನೊಂದನ್ನಿಡಬೇಕು. ಕೈಕಾಲುಗಳ ರಕ್ತಸ್ರಾವ ಒತ್ತಿದರೂ ನಿಲ್ಲದಿದ್ದರೆ ಟೂರ್ನಿಕೆ ಎಂಬ ಬಿಗಿಪಟ್ಟಿ ಜೀವ ಉಳಿಸುತ್ತದೆ. ಅದನ್ನು ಗಾಯದಿಂದ 5ರಿಂದ 7 ಸೆಂ.ಮೀ. ಮೇಲೆ, ಕೀಲನ್ನು ತಪ್ಪಿಸಿ ಕಟ್ಟಬೇಕು, ಕಟ್ಟಿದ ಹೊತ್ತನ್ನು ಬರೆದಿಡಬೇಕು, ವೈದ್ಯರು ಬರುವತನಕ ಸಡಿಲಿಸಬಾರದು. ಪ್ರಥಮ ಚಿಕಿತ್ಸೆಯ ಒಂದು ದಿನದ ತರಬೇತಿಯನ್ನು ಪಡೆಯಿರಿ ಎಂದು ಇಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಈ ಪೆಟ್ಟಿಗೆಯ ಬೆಲೆ ಅದನ್ನು ಬಳಸುವ ಕೈಯನ್ನು ಅವಲಂಬಿಸಿದೆ.

ಮನೆಯವರು ನಿತ್ಯ ಸೇವಿಸುವ ಔಷಧಿಗಳನ್ನು ಕಾರಿನಲ್ಲೇ ಬಿಡಬಾರದು. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಶಾಖಕ್ಕೆ ಇನ್ಸುಲಿನ್‌ನಂಥವು ಬೇಗ ಕೆಡುತ್ತವೆ. ಅವು ಪ್ರಯಾಣದ ಕೈಚೀಲದಲ್ಲಿ ಬಂದು ಅದರಲ್ಲೇ ಮರಳಲಿ. ರಕ್ತದ ಗುಂಪು, ಅಲರ್ಜಿ, ಕಾಯಿಲೆ, ಸಂಪರ್ಕಿಸಬೇಕಾದವರ ಫೋನ್ ಸಂಖ್ಯೆಗಳನ್ನು ಬರೆದ ಚೀಟಿ ಮಾತ್ರ ಪೆಟ್ಟಿಗೆಯ ಮುಚ್ಚಳದೊಳಗೆ ಕಾಯಂ ಇರಬೇಕು.

ಐದನೆಯ ಹಂತ: ಟೈರ್

ಸ್ಟೆಪ್ನಿ ಇದ್ದರೆ ಅದರ ಜೊತೆಗೆ ಚಕ್ರ ಉರುಳದಂತೆ ತಡೆಯುವ ಎರಡು ಅಡ್ಡಬೆಣೆಗಳು, ಸಡಿಲ ನೆಲದಲ್ಲಿ ಜಾಕ್ ಹೂತುಹೋಗದಂತೆ ಕೆಳಗಿಡಲು ಸುಮಾರು 30 ಸೆಂ.ಮೀ. ಚೌಕದ ದಪ್ಪ ಹಲಗೆ, ಗಟ್ಟಿ ಕೈಗವಸು ಮತ್ತು ಉದ್ದ ಹಿಡಿಯ ವೀಲ್ ಸ್ಪ್ಯಾನರ್ ಇರಬೇಕು. ಕಾರಿನ ಜೊತೆ ಬರುವ ಸ್ಪ್ಯಾನರ್ ಗಿಡ್ಡವಾಗಿದ್ದು, ಯಂತ್ರದಿಂದ ಬಿಗಿಸಿದ ನಟ್‌ಗಳಿಗೆ ಅದರ ಬಲ ಸಾಲುವುದಿಲ್ಲ. ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆನಂತರ ಕೈಪಿಡಿ ತೋರಿಸಿದ ಜಾಗಕ್ಕೇ ಜಾಕ್ ಕೊಟ್ಟು ಎತ್ತಿ; ಮರಳಿ ಬಿಗಿಸುವಾಗ ಒಂದರ ನಂತರ ಅದರ ಎದುರಿನದು ಎಂಬ ಕ್ರಮದಲ್ಲಿ ಬಿಗಿಸಿ. ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಎಂದಿಗೂ ಒಡ್ಡಬಾರದು.

ಸೀಲಂಟ್ ನಂಬಿದವರು ಅದರ ಮಿತಿಯನ್ನು ಅರಿತಿರಬೇಕು. ರಸ್ತೆಗೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದಂಥ, ಹೆಚ್ಚೆಂದರೆ 4ರಿಂದ 6 ಮಿ.ಮೀ. ತೂತನ್ನು ಅದು ತಾತ್ಕಾಲಿಕವಾಗಿ ಮುಚ್ಚುತ್ತದೆ. ಟೈರಿನ ಪಕ್ಕೆ ಸೀಳಿದರೆ ಅದರಿಂದ ಪ್ರಯೋಜನವಿಲ್ಲ. ಬಾಟಲಿಗೆ ಅವಧಿಯ ದಿನಾಂಕವಿದ್ದು, ಹಳತಾದ ದ್ರವ ಗಟ್ಟಿಯಾಗಿ ಹೊರಬರುವುದೇ ಇಲ್ಲ. ದೂರದ ಪ್ರಯಾಣಗಳನ್ನು ಮಾಡುವವರು, ಡಿಕ್ಕಿಯಲ್ಲಿ ಜಾಗವಿದ್ದರೆ, ಸ್ಟೆಪ್ನಿಯನ್ನೇ ಬೇರೆಯಾಗಿ ಕೊಳ್ಳುವುದು ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ. 12 ವೋಲ್ಟ್ ಸಾಕೆಟ್ಟಿಗೆ ಚುಚ್ಚುವ ಗಾಳಿ ಪಂಪ್ ಎರಡೂ ಸಂದರ್ಭಗಳಲ್ಲಿ ಬೇಕು. ನಿಧಾನವಾಗಿ ಗಾಳಿ ಇಳಿಯುವ ಟೈರಿಗೆ ಗಾಳಿ ತುಂಬಿ ಹತ್ತಿರದ ರಿಪೇರಿ ಅಂಗಡಿಗೆ ತಲುಪಲು ಎಷ್ಟೋ ಬಾರಿ ಇದೊಂದೇ ಸಾಕಾಗುತ್ತದೆ.

ಆರನೆಯ ಹಂತ: ಬ್ಯಾಟರಿ

ಪೂರ್ತಿ ಚಾರ್ಜ್ ಆದ, ವಿಶ್ರಾಂತಿಯಲ್ಲಿರುವ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿಳಿದಿದ್ದರೆ ಅದು ಬಹುತೇಕ ಬರಿದಾಗಿದೆ. ಇನ್ನೊಂದು ಕಾರಿನ ಬ್ಯಾಟರಿಯಿಂದ ವಿದ್ಯುತ್ ಪಡೆಯಲು ಬಳಸುವ ಜಂಪರ್ ಕೇಬಲ್ ಕೊಳ್ಳುವಾಗ ಹೊರಗಿನ ರಬ್ಬರಿನ ದಪ್ಪವನ್ನು ನೋಡಿ ಮೋಸಹೋಗಬೇಡಿ, ಒಳಗಿನ ತಂತಿಯ ಗಾತ್ರವನ್ನು ಓದಿ. ಸಣ್ಣ ಪೆಟ್ರೋಲ್ ಕಾರಿಗೆ 16 ಚದರ ಮಿ.ಮೀ., ದೊಡ್ಡ ಅಥವಾ ಡೀಸೆಲ್ ಎಂಜಿನ್ನಿಗೆ 25 ಚದರ ಮಿ.ಮೀ. ತಾಮ್ರದ ತಂತಿ, 3 ಮೀಟರಿಗೆ ಕಡಿಮೆಯಿಲ್ಲದ ಉದ್ದ ಇರಲಿ. ಜೋಡಿಸುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಕೇಬಲ್ಲಿಗೇ ಕಟ್ಟಿಡಿ:

1. ಕೆಂಪು ಕ್ಲಿಪ್ ಇಳಿದ ಬ್ಯಾಟರಿಯ ಪ್ಲಸ್‌ಗೆ.
2. ಕೆಂಪಿನ ಇನ್ನೊಂದು ತುದಿ ಸರಿಯಿರುವ ಬ್ಯಾಟರಿಯ ಪ್ಲಸ್‌ಗೆ.
3. ಕಪ್ಪು ಕ್ಲಿಪ್ ಸರಿಯಿರುವ ಬ್ಯಾಟರಿಯ ಮೈನಸ್‌ಗೆ.
4. ಕಪ್ಪಿನ ಇನ್ನೊಂದು ತುದಿ ಕೆಟ್ಟು ನಿಂತ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ.

ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದು ಸಹಜ. ಬ್ಯಾಟರಿ ಹೊರಬಿಡುವ ಹೈಡ್ರೋಜನ್ ಅನಿಲಕ್ಕೆ ಆ ಕಿಡಿ ತಾಗಬಾರದೆಂದೇ ಅದನ್ನು ದೂರದ ಲೋಹಕ್ಕೆ ಕೊಡುತ್ತಾರೆ. ಬಿಚ್ಚುವಾಗ ಇದೇ ಕ್ರಮ ಹಿಂದುಮುಂದಾಗಿ. ಚಳಿಗೆ ಹೆಪ್ಪುಗಟ್ಟಿದ ಅಥವಾ ಉಬ್ಬಿದ ಬ್ಯಾಟರಿಗೆ ಈ ಪ್ರಯೋಗ ಸಲ್ಲದು. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಿಂದ ಇನ್ನೊಂದು ಕಾರಿಗೆ ವಿದ್ಯುತ್ ಕೊಡುವುದನ್ನು ಕೈಪಿಡಿ ಒಪ್ಪದ ಹೊರತು ಮಾಡಬಾರದು.

ಇನ್ನೊಂದು ಕಾರಿನ ನೆರವಿಲ್ಲದೆ ಕೆಲಸ ಮಾಡುವ ಲಿಥಿಯಂ ಜಂಪ್ ಸ್ಟಾರ್ಟರ್ ಒಂಟಿಯಾಗಿ ಓಡಾಡುವವರಿಗೆ ಬಹಳ ಉಪಯುಕ್ತ. ಅದನ್ನು ಬಿಸಿಲು ಬೀಳದ ಜಾಗದಲ್ಲಿಟ್ಟು, ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಕಡುಬೇಸಗೆಯಲ್ಲಿ ಕಾರು ಹೊತ್ತುಗಟ್ಟಲೆ ಬಿಸಿಲಿನಲ್ಲಿ ನಿಲ್ಲುವುದಾದರೆ ಮನೆಯೊಳಗೆ ಒಯ್ಯುವುದೇ ಕ್ಷೇಮ.

ಏಳನೆಯ ಹಂತ: ಸಣ್ಣ ರಿಪೇರಿಯ ಸಾಮಾನು

ಇಲ್ಲಿ ಅತಿಯಾಸೆ ಬೇಡ. ಇಕ್ಕಳ, ಎರಡು ಬಗೆಯ ಸ್ಕ್ರೂ ಡ್ರೈವರ್, ನಿಮ್ಮ ಕಾರಿನ ಬ್ಯಾಟರಿ ಟರ್ಮಿನಲ್ಲಿಗೆ ಸರಿಹೊಂದುವ ಸ್ಪ್ಯಾನರ್, ಗಟ್ಟಿ ಅಂಟುಟೇಪು, ಪ್ಲಾಸ್ಟಿಕ್ ಕಟ್ಟುಪಟ್ಟಿಗಳು ಮತ್ತು ಬದಲಿ ಫ್ಯೂಸ್‌ಗಳಿದ್ದರೆ ಸಾಕು. ಫ್ಯೂಸ್‌ನ ಬಣ್ಣವೇ ಅದರ ಸಾಮರ್ಥ್ಯವನ್ನು ಹೇಳುತ್ತದೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಸುಟ್ಟ ಫ್ಯೂಸ್‌ನ ಜಾಗಕ್ಕೆ ಅದೇ ಬಣ್ಣದ್ದನ್ನೇ ಹಾಕಬೇಕು. ಹೆಚ್ಚಿನ ಸಾಮರ್ಥ್ಯದ್ದನ್ನು ಹಾಕಿದರೆ ಫ್ಯೂಸ್ ಬದಲು ತಂತಿಯೇ ಸುಡುತ್ತದೆ. ಎಂಜಿನ್ ಕಾದು ನಿಂತರೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಮುಚ್ಚಳವನ್ನು ಬಿಸಿಯಿರುವಾಗ ತೆರೆಯಬೇಡಿ, ಒತ್ತಡದಲ್ಲಿರುವ ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ.

ಎಳೆಯುವ ಹಗ್ಗ ಇರಲಿ, ಆದರೆ ಅದನ್ನು ಬಳಸುವ ಮೊದಲು ಕೈಪಿಡಿ ನೋಡಿ. ಅನೇಕ ಆಟೊಮ್ಯಾಟಿಕ್ ಮತ್ತು ವಿದ್ಯುತ್ ಕಾರುಗಳನ್ನು ಚಕ್ರಗಳು ನೆಲದ ಮೇಲಿರುವಂತೆ ಎಳೆದರೆ ಗೇರ್ ಪೆಟ್ಟಿಗೆಗೋ ಮೋಟಾರಿಗೋ ಹಾನಿಯಾಗುತ್ತದೆ. ಎಂಜಿನ್ ನಿಂತ ಕಾರಿನಲ್ಲಿ ಬ್ರೇಕ್ ಮತ್ತು ಸ್ಟಿಯರಿಂಗ್ ಎರಡೂ ಬಹಳ ಗಡುಸಾಗಿರುತ್ತವೆ ಎಂಬುದು ಹಿಂದಿನ ಕಾರಿನಲ್ಲಿ ಕೂರುವವರಿಗೆ ಮೊದಲೇ ತಿಳಿದಿರಲಿ. ಕ್ಯಾನಿನಲ್ಲಿ ಪೆಟ್ರೋಲ್ ಹೊತ್ತು ತಿರುಗುವುದು ಅಪಾಯ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ ಅದರ ಅಗತ್ಯವೇ ಬೀಳದು.

ಎಂಟನೆಯ ಹಂತ: ಗಂಟೆಗಟ್ಟಲೆ ಕಾಯಬೇಕಾದಾಗ

ಕುಡಿಯಲು ಮತ್ತು ಇತರ ಅಗತ್ಯಗಳಿಗೆ ತಲೆಗೆ ದಿನವೊಂದಕ್ಕೆ ಸುಮಾರು 4 ಲೀಟರ್ ನೀರು ಬೇಕೆಂಬುದು ವಿಪತ್ತು ನಿರ್ವಹಣೆಯಲ್ಲಿ ರೂಢಿಯಲ್ಲಿರುವ ಲೆಕ್ಕ. ಅಷ್ಟನ್ನೂ ಸದಾ ಹೊತ್ತಿರುವುದು ಕಷ್ಟವಾದರೆ ತಲೆಗೆ 1 ಲೀಟರ್ ಕಾಯಂ ಇಟ್ಟು, ದೂರ ಹೊರಟಾಗ ಹೆಚ್ಚಿಸಿಕೊಳ್ಳಿ. ನೀರು ಹೆಪ್ಪುಗಟ್ಟುವ ಪ್ರದೇಶವಾದರೆ ಬಾಟಲಿಯ ಕಂಠದವರೆಗೆ ತುಂಬಬೇಡಿ. ತಿನ್ನಲು ಒಣಹಣ್ಣು, ಬೀಜಗಳಂಥ, ಶಾಖಕ್ಕೆ ಕರಗದ, ಬಾಯಾರಿಕೆ ಹೆಚ್ಚಿಸುವಷ್ಟು ಉಪ್ಪಿಲ್ಲದ ಪದಾರ್ಥಗಳು ಒಳ್ಳೆಯವು. ಕಂಬಳಿ, ಮಳೆ ಅಂಗಿ, ಚಾರ್ಜ್ ಆಗಿರುವ ಪವರ್ ಬ್ಯಾಂಕ್ ಮತ್ತು ಕೇಬಲ್, ಸ್ವಲ್ಪ ನಗದು, ಕಾಗದದ ನಕ್ಷೆ, ಪೆನ್ನು, ಒಂದು ಸೀಟಿ ಸೇರಿಸಿ. ಸ್ಥಳೀಯ ತುರ್ತು ಸಂಖ್ಯೆಯನ್ನು ಬರೆದಿಡಿ. ಐರೋಪ್ಯ ಒಕ್ಕೂಟದ ದೇಶಗಳಲ್ಲೂ ಭಾರತದಲ್ಲೂ ಅದು 112, ಅಮೆರಿಕದಲ್ಲಿ 911.

ಹಿಮ ಬೀಳುವ ಕಡೆ ಮಡಿಸುವ ಸಲಿಕೆ, ಗಾಜಿನ ಹಿಮ ಕೆರೆಯುವ ಪಟ್ಟಿ, ಚಕ್ರದ ಹಿಡಿತಕ್ಕೆ ಒಂದು ಚೀಲ ಮರಳು ಇರಬೇಕು. ಹಿಮದಲ್ಲಿ ಸಿಕ್ಕಿಕೊಂಡು ಬೆಚ್ಚಗಿರಲೆಂದು ಎಂಜಿನ್ ಓಡಿಸುವವರಿಗೆ ಒಂದು ಎಚ್ಚರಿಕೆ: ಹೊಗೆಕೊಳವೆ ಹಿಮದಿಂದ ಮುಚ್ಚಿಹೋಗಿದ್ದರೆ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಕೊಳವೆಯ ಸುತ್ತ ಹಿಮ ಸರಿಸಿ, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಆಗ ಗಾಳಿ ಬರುವ ದಿಕ್ಕಿಗೆ ವಿರುದ್ಧವಾದ ಕಿಟಕಿಯನ್ನು ಒಂದಿಷ್ಟು ತೆರೆದಿಡಿ. ಪ್ರವಾಹದ ಕಾಲದಲ್ಲಿ ಯಾವ ಕಿಟ್ಟೂ ವಿವೇಕಕ್ಕೆ ಬದಲಿಯಾಗದು: 30 ಸೆಂ.ಮೀ. ಆಳದ ಹರಿವ ನೀರು ಸಣ್ಣ ಕಾರುಗಳನ್ನು ತೇಲಿಸಬಲ್ಲದು, 60 ಸೆಂ.ಮೀ. ಇದ್ದರೆ ಹೆಚ್ಚಿನ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದು.

ಒಂಬತ್ತನೆಯ ಹಂತ: ಭದ್ರವಾಗಿ ಜೋಡಿಸುವುದು

ಗಂಟೆಗೆ 50 ಕಿ.ಮೀ. ವೇಗದ ಕಾರು ಥಟ್ಟನೆ ನಿಂತರೆ, ಕಟ್ಟಿಲ್ಲದ ಸಿಲಿಂಡರ್ ಅದೇ ವೇಗದಲ್ಲಿ, ಸೆಕೆಂಡಿಗೆ ಸುಮಾರು 14 ಮೀಟರಿನಂತೆ, ಮುಂದಕ್ಕೆ ಹಾರುತ್ತದೆ. ಆದ್ದರಿಂದ ಹಿಂದಿನ ಗಾಜಿನ ಬಳಿಯ ಹಲಗೆಯ ಮೇಲೆ ಏನನ್ನೂ ಇಡಬೇಡಿ, ಚಾಲಕರ ಕಾಲಬಳಿ ಉರುಳಿ ಪೆಡಲ್ ಕೆಳಗೆ ಸೇರುವಂಥದ್ದನ್ನು ಸೀಟಿನಡಿ ಬಿಡಬೇಡಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗಕ್ಕೆ ಉಪಕರಣ ಅಂಟಿಸಬೇಡಿ. ಡಿಕ್ಕಿಯ ಸಾಮಾನನ್ನು ಎರಡು ಬೇರೆ ಬಣ್ಣದ ಚೀಲಗಳಲ್ಲಿ, ವಾಹನಕ್ಕೆ ಸಂಬಂಧಿಸಿದ್ದು ಒಂದರಲ್ಲಿ, ಮನುಷ್ಯರಿಗೆ ಸಂಬಂಧಿಸಿದ್ದು ಇನ್ನೊಂದರಲ್ಲಿ ತುಂಬಿ, ಡಿಕ್ಕಿಯ ಕೊಂಡಿಗಳಿಗೆ ಪಟ್ಟಿಯಿಂದ ಬಿಗಿಯಿರಿ. ಭಾರವಾದದ್ದು ಕೆಳಗೆ, ಹಿಂದಿನ ಸೀಟಿಗೆ ಒತ್ತಿಕೊಂಡಿರಲಿ.

ಹತ್ತನೆಯ ಹಂತ: ಪರಿಶೀಲನೆ ಮತ್ತು ಅಭ್ಯಾಸ

ತಿಂಗಳಿಗೊಮ್ಮೆ ಟೈರುಗಳ ಗಾಳಿ ನೋಡುವಾಗ ಸ್ಟೆಪ್ನಿಯದನ್ನೂ ನೋಡಿ. ಆಗಲೇ ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ಗಮನಿಸಿ, ತಳದಲ್ಲಿ ಪುಡಿ ಗಟ್ಟಿಯಾಗದಂತೆ ಅದನ್ನು ತಲೆಕೆಳಗು ಮಾಡಿ ಅಲುಗಿಸಿ. ಋತು ಬದಲಾಗುವಾಗ, ವರ್ಷಕ್ಕೆ ಎರಡು ಬಾರಿಯಾದರೂ, ಎರಡೂ ಚೀಲಗಳನ್ನು ಸುರಿದು ನೋಡಿ: ನೀರು, ತಿನಿಸು, ಸೆಲ್, ಸೀಲಂಟ್, ಬ್ಯಾಂಡೇಜ್ ಯಾವುದರ ಅವಧಿ ಮುಗಿಯುತ್ತಿದೆ ಎಂಬುದನ್ನು ಮುಚ್ಚಳಕ್ಕೆ ಅಂಟಿಸಿದ ಪಟ್ಟಿಯಲ್ಲಿ ಗುರುತಿಸಿ. ಬಳಸಿದ ವಸ್ತುವನ್ನು ಅದೇ ವಾರ ಮತ್ತೆ ತಂದಿಡಿ.

ಕಾರನ್ನು ಓಡಿಸುವ ಮನೆಯ ಪ್ರತಿಯೊಬ್ಬರೂ ಹಗಲು ಹೊತ್ತಿನಲ್ಲಿ, ಸಮತಟ್ಟಾದ ಜಾಗದಲ್ಲಿ ಒಮ್ಮೆ ಚಕ್ರವನ್ನು ಕಳಚಿ ಮರಳಿ ಜೋಡಿಸಲಿ. ನಟ್‌ಗಳು ಸಡಿಲಾಗುತ್ತವೆಯೇ, ಜಾಕ್ ಎತ್ತುತ್ತದೆಯೇ, ಸ್ಟೆಪ್ನಿಯನ್ನು ಒಬ್ಬರೇ ಎತ್ತಬಲ್ಲರೇ ಎಂಬುದೆಲ್ಲ ಆಗ ತಿಳಿಯುತ್ತದೆ. ಎತ್ತಲಾಗದವರಿಗೆ ರಸ್ತೆ ನೆರವಿನ ಸೇವೆಯ ಸಂಖ್ಯೆಯೇ ಸರಿಯಾದ ಉಪಕರಣ, ಅದನ್ನು ಫೋನಿನಲ್ಲೂ ಚೀಟಿಯಲ್ಲೂ ಬರೆದಿಡಿ. ಕಾರನ್ನು ಬೇರೆಯವರಿಗೆ ಕೊಡುವಾಗ ಕೀಲಿಯ ಜೊತೆಗೆ ಬೆಲ್ಟ್ ಕತ್ತರಿಸುವ ಸಾಧನ, ಸಿಲಿಂಡರ್ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿವೆ ಎಂಬುದನ್ನೂ ತೋರಿಸಿ ಕಳಿಸಿ.